ಪ್ರಲ್ಹಾದರಾಯರ ಅನುಷ್ಠಾನ

ದೇವರ ಹೆಸರಿನಲ್ಲಿ ಆಡಿದ ಸುಳ್ಳಿಗೆ ದೇವರೇ ಕೈಕಾಲು ಕೊಟ್ಟು ನಡೆಸುತ್ತಾನೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮರಾಠಿ ಸೀಮೆಯ ವಾಕಡದಲ್ಲಿ, ಕನ್ನಡಿಗರೇ ಹೆಚ್ಚಿದ್ದ ಅಪಾರ್ಟ್‌ಮೆಂಟೊಂದರ ಮೂರನೆಯ ಮಜಲಿನಲ್ಲಿ ಇಂದೂಬಾಯಿಯವರು ಆಡಿದ ಸುಳ್ಳಂತೂ ಬೆಳಿಗ್ಗೆ ಹತ್ತಕ್ಕೆ ಹುಟ್ಟಿ ಮಧ್ಯಾಹ್ನದೊಳಗೆ ಓಡತೊಡಗಿತು.

ಅವರ ಗಂಡ ಪ್ರಲ್ಹಾದರಾಯರು ತಳೇಗಾಂವದ ಕಾರಖಾನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು. ಕಾರಖಾನೆ ಮುಚ್ಚಿ ಎಂಟು ತಿಂಗಳಾಗಿತ್ತು. ಅಂದಿನಿಂದ ನೆರೆಯವರು ಅವರನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಖಾಲಿ ಅದೀರೇನ್ರಿ?” ಖಾಲಿ ಇದ್ದವರ ಸುಪರ್ದಿಗೆ ಸಿಲಿಂಡರು, ಪಾರ್ಸೆಲ್ಲು, ಬೀಗದಕೈ, ಒಮ್ಮೆ ಒಲೆಯ ಮೇಲಿಟ್ಟ ಹಾಲು ಕೂಡ ಬಂದಿತ್ತು.

“ಇನ್ನೊಮ್ಮೆ ಯಾರರ ಹಂಗ ಕೇಳಿದ್ರ ಸನ್ಯಾಸ ತೊಗೋತೀನಿ,” ಎನ್ನುತ್ತಿದ್ದರು ರಾಯರು.

ಅಷ್ಟರಲ್ಲಿ ಸಿಕ್ಕಿತು ಒಂದು ಅರೆಹೊತ್ತಿನ ಕೆಲಸ. ಮಿಕ್ಸರ್ ಕಂಪನಿಯೊಂದರ ಕನ್ನಡ ಗಿರಾಕಿಗಳ ದೂರುಗಳನ್ನು ಮನೆಯಲ್ಲೇ ಕೂತು ಫೋನಿನಲ್ಲಿ ಕೇಳುವುದು. ಮೊದಲ ದಿನದ ಪರೀಕ್ಷೆ ಡೋರ್‌ಬೆಲ್ಲಿಗೆ ಬಲಿಯಾಯಿತು. ಎರಡು ತಾಸಿನಲ್ಲಿ ಹನ್ನೊಂದು ಸಲ! ಮೇಲ್ವಿಚಾರಕಿ ಪೂರ್ವಾ, ಧಾರವಾಡದ ಹುಡುಗಿ, ಕನಿಕರಪಟ್ಟು ಇನ್ನೊಂದು ದಿನ ಕೊಟ್ಟಳು.

“ಕಾಕಾ, ಇದ ಕಡೀದು. ಮೂವತ್ತು ಕಾಲ್ ಮುಗಸ್ರಿ, ಕೆಲಸ ನಿಮ್ದು. ನಾ ಲೈನ್‌ನ್ಯಾಗ ಕೇಳಕೋತ ಇರ್ತೀನಿ. ಹಿಂದ ಗದ್ದಲಾ ಕೇಳಿಸಿದ್ರ ಮಾತ್ರ ನನ್ನ ಕೈಯಾಗ ಏನೂ ಇಲ್ಲ.”

ಆ ಮನೆಯಲ್ಲಿ ನೆಟ್‌ವರ್ಕು ಸಿಗುವುದು ಹೊರಬಾಗಿಲ ಪಕ್ಕದಲ್ಲಿ ಮಾತ್ರ. ರಾಯರು ಅಲ್ಲೇ ಮಣೆ ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಏರಿಸಿ ಕೂತರು. ಇಂದೂಬಾಯಿ ಬೆಲ್ಲಿನ ವೈರು ಕಿತ್ತು, ಬಾಗಿಲೆಳೆದುಕೊಂಡು ಹೊರಗೆ ಕಾವಲು ನಿಂತರು.

ಎದುರು ಮನೆಯ ಕಾಶವ್ವ ಮಿಕ್ಸರನ್ನು ಜಾರಿನ ಸಮೇತ ಕೂಸಿನ ಹಾಗೆ ಎತ್ತಿಕೊಂಡು ಬಂದಳು.

“ರಾಯರು ಖಾಲಿ ಅದಾರೇನವಾ? ಮಿಕ್ಸರ್ ತಿರಗವಲ್ತು. ಶೇಂಗಾ ಚಟ್ನಿ ಅರ್ಧಕ್ಕ ನಿಂತದ.”

“ಅವ್ರು ಕೆಲಸದಾಗ ಅದಾರ್ರಿ.”

“ಮನ್ಯಾಗ ಕೂತು ಎಂಥಾ ಕೆಲಸ ತಗೀ! ಕರೀ ಒಂದೀಟು.”

ಇಂದೂಬಾಯಿಗೆ ಬೇರೆ ದಾರಿ ಕಾಣಲಿಲ್ಲ. “ಅನುಷ್ಠಾನಕ್ಕ ಕೂತಾರ್ರಿ,” ಎಂದುಬಿಟ್ಟರು. “ಎರಡರ ತನಕ ಏಳೂಹಂಗಿಲ್ಲ.”

ಕಾಶವ್ವ ಚಪ್ಪಲಿ ಬಿಟ್ಟಳು. ಭಕ್ತಿಯಿಂದ ಬಾಗಿಲಿಗೆ ಕಿವಿ ಹಚ್ಚಿದಳು. ಒಳಗಿನಿಂದ, ಕಂಪನಿ ಬರೆದುಕೊಟ್ಟ ಪುಸ್ತಕದ ಕನ್ನಡದಲ್ಲಿ, ಗಂಭೀರ ದನಿ ಕೇಳಿತು:

“ಚಿಂತಿಸಬೇಡಿ. ನಿಮ್ಮ ಸಂಕಟ ನಮಗೆ ಅರ್ಥವಾಗುತ್ತದೆ. ಇಪ್ಪತ್ನಾಲ್ಕು ಗಂಟೆಯೊಳಗೆ ಪರಿಹಾರ ದೊರೆಯುತ್ತದೆ.”

“ಯಾರ ಜೋಡಿ ಮಾತಾಡ್ಲಿಕತ್ತಾರ?” ಕಾಶವ್ವ ಪಿಸುಗುಟ್ಟಿದಳು.

ಇಂದೂಬಾಯಿ ಇನ್ನೊಂದು ಸುಳ್ಳು ಹುಡುಕುತ್ತ ಮೇಲೆ ನೋಡಿದರು. ಕಾಶವ್ವ ಆ ನೋಟಕ್ಕೆ ತನ್ನದೇ ಅರ್ಥ ಹಚ್ಚಿಕೊಂಡಳು. ಲಿಫ್ಟು ಕೆಟ್ಟಿತ್ತು, ಮೆಟ್ಟಿಲಿಳಿಯುತ್ತ ಒಂದೊಂದು ಮಜಲಿನಲ್ಲೂ ಸುದ್ದಿ ಬಿತ್ತುತ್ತ ಹೋದಳು.

ಹನ್ನೆರಡರ ಹೊತ್ತಿಗೆ ಮೆಟ್ಟಿಲ ತುಂಬ ಸಾಲು. ಎಲ್ಲರ ಮುಂದೆ, ಕೈಯಲ್ಲಿ ತೆಂಗಿನಕಾಯಿ ಹಿಡಿದು, ಹೋಟೆಲು ನಡೆಸುವ ಉಡುಪಿ ಕಡೆಯ ದೇವದಾಸ್.

“ನಮ್ಮ ಹೊಸ ಹೋಟೆಲಿಗೆ ಗಿರಾಕಿಯೇ ಇಲ್ಲ ಮಾರಾಯ್ರೆ. ಅವರತ್ರ ಒಂದು ಮಾತು ಕೇಳ್ಬಹುದಾ?”

ಇಂದೂಬಾಯಿ ತುಟಿಯ ಮೇಲೆ ಬೆರಳಿಟ್ಟರು. ಒಳಗಿನಿಂದ ದನಿ ಬಂತು: “ಒಳಗೆ ಅತಿಯಾಗಿ ತುಂಬಬೇಡಿ. ಅರ್ಧ ತೆಗೆದುಬಿಡಿ. ಆಮೇಲೆ ತಾನಾಗಿಯೇ ತಿರುಗುತ್ತದೆ.”

ದೇವದಾಸ್ ಕಣ್ಣೊರೆಸಿಕೊಂಡು ಅಲ್ಲಿಂದಲೇ ಮ್ಯಾನೇಜರನಿಗೆ ಫೋನು ಹಚ್ಚಿದರು. “ಅರ್ಧ ಟೇಬಲ್ ಹೊರಗೆ ಹಾಕು. ಯಾಕೆ ಅಂತ ಕೇಳ್ಬೇಡ!”

ಇಷ್ಟಾದರೂ ಸಾಲು ಪಿಸುದನಿ ದಾಟಿರಲಿಲ್ಲ. ಒಳಗೆ ರಾಯರು ಇಪ್ಪತ್ತೊಂಬತ್ತು ಕರೆ ಮುಗಿಸಿದ್ದರು. ಇನ್ನೊಂದು ಮುಗಿದರೆ ಖಾಲಿತನವೂ ಮುಗಿದ ಹಾಗೆ. ಕುಲದೇವರನ್ನು ನೆನೆದು ನೀರು ಕುಡಿದರು.

ಹೊರಗೆ, ಮರಳಿ ಬಂದು ಸಾಲಿನಲ್ಲಿದ್ದ ಕಾಶವ್ವನಿಗೆ ಚಟ್ನಿಯ ಚಿಂತೆ. ಸಾಲು ಕರಗುವ ಹಾಗಿರಲಿಲ್ಲ. ಮಿಕ್ಸರಿನ ಬದಿಗೆ ಕಂಪನಿಯ ದೂರಿನ ನಂಬರು ಕಂಡಿತು. ಮಿಕ್ಸರನ್ನು ತೊಡೆಯ ಮೇಲಿಟ್ಟು ಮೆಟ್ಟಿಲ ಮೇಲೆ ಕೂತು, ಗುಂಡಿ ನೋಡಿ ಒತ್ತಲು ಅನುಕೂಲವಾಗಲೆಂದು ಸ್ಪೀಕರ್ ಹಾಕಿ, ಕನ್ನಡಕ್ಕೆ ಹೇಳಿದ ಗುಂಡಿ ಒತ್ತಿದಳು. ಅದು ರಾಯರ ಕಂಪನಿಯೇ, ಅಂದು ಕನ್ನಡದ ಕರೆಗಳಿಗೆಲ್ಲ ಅವರೊಬ್ಬರೇ.

“ನಮಸ್ಕಾರ. ನಾನು ಪ್ರಲ್ಹಾದ. ನಿಮ್ಮ ಕಷ್ಟವೇನು, ಹೇಳಿ.”

ಬಾಗಿಲಿನೊಳಗಿಂದಲೂ ಅದೇ ದನಿ, ಫೋನಿನೊಳಗಿಂದಲೂ ಅದೇ ದನಿ. ಕಾಶವ್ವ ಕೈಮುಗಿಯಹೋದಳು, ಫೋನು ತೆರೆದ ಜಾರಿನ ಶೇಂಗಾ ಚಟ್ನಿಯಲ್ಲಿ ಬಿತ್ತು.

“ಹೇಳಿ ತಾಯಿ, ನಾನು ಇಲ್ಲೇ ಇದ್ದೇನೆ,” ಎಂದಿತು ಚಟ್ನಿ.

“ಎಪ್ಪಾ! ಚಟ್ನ್ಯಾಗಿಂದ ಮಾತಾಡ್ಲಿಕತ್ತಾರ!” ಕಾಶವ್ವ ಕೂಗಿದಳು. “ಪ್ರಲ್ಹಾದ ಅಂತ ಹೆಸರ ಹೇಳಿದ್ರಲ್ಲಪಾ! ಕಂಬದಾಗ ಬಂದಾಂವ ಚಟ್ನ್ಯಾಗ ಬರಲಾರನೇನು!”

ಮುಗಿಯಿತು. ಯಾರೋ ಗಂಟೆ ಬಾರಿಸಿದರು, ಇನ್ಯಾರೋ ಶಂಖ ಊದಿದರು, ದೇವದಾಸ್ ಹೊಸ್ತಿಲಿಗೇ ತೆಂಗಿನಕಾಯಿ ಒಡೆದರು. ರಾಯರು ಬಾಗಿಲು ತೆರೆದು, ಕೊರಳಲ್ಲಿ ಹೆಡ್‌ಫೋನಿನ ವೈರು ಜನಿವಾರದ ಹಾಗೆ ಜೋತಾಡುತ್ತಿರಲು, ಅಳುವ ದನಿಯಲ್ಲಿ ಹೇಳಿದರು:

“ನಾ ಯಾವ ಸ್ವಾಮೀನೂ ಅಲ್ರೀ! ಮಿಕ್ಸರ್ ಕಂಪನಿ ಕೆಲಸಾ ಮಾಡ್ಲಿಕತ್ತೀನಿ!”

ದೇವದಾಸ್ ಕೈಮುಗಿದರು. “ದೊಡ್ಡವರು ಯಾವಾಗ್ಲೂ ಹೀಗೇ ಹೇಳೋದು.” ಶಂಖ ಮತ್ತೊಮ್ಮೆ ಮೊಳಗಿತು.

ರಾಯರು ಬಾಗಿಲು ಮುಚ್ಚಿ, ಮಣೆಯ ಮೇಲೆ ಕುಸಿದು, ಹೆಡ್‌ಫೋನ್ ಏರಿಸಿದರು.

“ಪೂರ್ವಾ... ಕೇಳಿಸ್ತೇನವಾ?”

“ಎಲ್ಲಾ ಕೇಳಿಸ್ತ್ರಿ ಕಾಕಾ. ಚಟ್ನೀದೂ ಕೇಳಿಸ್ತು.”

“ಮತ್ತ ಕೆಲಸ?”

“ಅದು ಆಗೂದಿಲ್ರಿ. ನಿಯಮ ಅದ.”

ರಾಯರು ಕಣ್ಣು ಮುಚ್ಚಿದರು. ಪೂರ್ವಾ ಮಾತ್ರ ಫೋನು ಇಡಲಿಲ್ಲ. ದನಿ ತಗ್ಗಿಸಿ, ಬಹಳ ವಿನಯದಿಂದ ಕೇಳಿದಳು:

“ನನ್ನ ಲಗ್ನದ್ದೊಂದು ವಿಚಾರ ಕೇಳೂದಿತ್ತು ಕಾಕಾ. ಕುಂಡಲಿ ತೊಗೊಂಡ ಬರ್ತೀನಿ. ನಾಳೆ... ಖಾಲಿ ಅದೀರೇನ್ರಿ?”