ನಾಲ್ಕು ಬೆರಳು ಎತ್ತರ

ಶೆಡ್ಡಿನ ಬಾಗಿಲಿಗಿಂತ ಜೀಪು ನಾಲ್ಕು ಬೆರಳು ಎತ್ತರವಾಗಿತ್ತು.

ಆರು ವರ್ಷ ಆ ಶೆಡ್ಡಿನಲ್ಲಿ ಮಲಗಿ, ತೆವಳಿ, ಗ್ರೀಸ್ ತಿಂದು ಲೋಕನಾಥ ಆ ಹಳೇ ಜೀಪನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ್ದ. ಹೊಸ ಸ್ಪ್ರಿಂಗ್ ಪಟ್ಟಿ ಹಾಕಿ ಬಾಡಿ ಎತ್ತರಿಸಿದ್ದ, ದೊಡ್ಡ ಟಯರು ತೊಡಿಸಿದ್ದ, ಪಲ್ಟಿಯಾದರೆ ತಲೆ ಉಳಿಯಲೆಂದು ದಪ್ಪ ಪೈಪಿನ ಪಂಜರವೊಂದನ್ನು ವೆಲ್ಡ್ ಮಾಡಿದ್ದ. ಬಿ.ಸಿ. ರೋಡಿನ ತನ್ನ ಟೈಲ್ಸ್ ಅಂಗಡಿಗೆ ಬಂದವರಿಗೆಲ್ಲ "ಎರಡು ಸಲ ಅಳತೆ ಮಾಡಿ" ಎಂದು ಬೋಧಿಸುವ ಮನುಷ್ಯ ತನ್ನ ಶೆಡ್ಡಿನ ಬಾಗಿಲನ್ನು ಒಂದು ಸಲವೂ ಅಳೆದಿರಲಿಲ್ಲ. ಶನಿವಾರ ಹನ್ನೊಂದು ಗಂಟೆಗೆ ಜೀಪು ಮೂತಿ ಹೊರಗೆ ಹಾಕಿತು. ಪಂಜರ ಮೇಲಿನ ಬೀಮಿಗೆ ಠಣ್ಣೆಂದು ಬಡಿದು ನಿಂತಿತು.

ಮರುದಿನ ಮುಂಡಾಜೆಯ ರಬ್ಬರ್ ತೋಟವೊಂದರಲ್ಲಿ ಕೆಸರಿನ ಜೀಪ್ ಸ್ಪರ್ಧೆ. ಇವತ್ತು ನಾಲ್ಕು ಗಂಟೆಯೊಳಗೆ ಗಾಡಿ ಅಲ್ಲಿಗೆ ಮುಟ್ಟಿ, ತಪಾಸಣೆಯಾಗಿ, ನಂಬರು ಅಂಟಿಸಿಕೊಳ್ಳಬೇಕು. ಐವತ್ತು ದಾಟಿದವರಿಗೆ ಪ್ರವೇಶವಿಲ್ಲ. ಲೋಕನಾಥನಿಗೆ ನಲವತ್ತೊಂಬತ್ತು ತುಂಬಿ ಎಂಟು ತಿಂಗಳಾಗಿತ್ತು. ಅವನ ಪಾಲಿಗೆ ಮುಂದಿನ ವರ್ಷ ಎಂಬುದಿರಲಿಲ್ಲ.

ಅವನ ಸಿಟ್ಟು ಹಳೇ ಡೀಸೆಲ್ ಇಂಜಿನ್ನಿನ ಹಾಗೆ. ಬಿಸಿಯಾಗಲು ಹೊತ್ತು ಬೇಕು, ಕೀ ತೆಗೆದರೂ ನಿಲ್ಲುವುದಿಲ್ಲ. ಆಗಲೇ ಪಕ್ಕದ ಮನೆಯ ಅಣ್ಣು ಬಂದ. ಮೂವತ್ತು ವರ್ಷ ಲೈನ್ ಬಸ್ಸಿನಲ್ಲಿ ಕಂಡಕ್ಟರನಾಗಿದ್ದು ಈಗ ಊರನ್ನೇ ಬಸ್ಸೆಂದು ತಿಳಿದವನು.

"ಸಿಕ್ಕಿಬಿತ್ತಾ ಲೋಕಣ್ಣ?"

"ಇಲ್ಲ. ಬಾಗಿಲಿಗೆ ಮುತ್ತು ಕೊಡ್ತಾ ಉಂಟು."

"ಅಲ್ಲ ಮಾರಾಯ್ರೆ, ಒಳಗೆ ಹೇಗೆ ಹೋಯ್ತು ಹಾಗಾದ್ರೆ?"

"ಹೋಗುವಾಗ ಗಿಡ್ಡ ಇತ್ತು!"

"ಒಳಗೆ ಬೆಳೆದದ್ದಾ?"

ಲೋಕನಾಥ ಸ್ಪ್ಯಾನರು ಕೆಳಗಿಟ್ಟ. ಕೈಯಲ್ಲಿದ್ದರೆ ಅಪಾಯ.

ಅರ್ಧ ಗಂಟೆಯಲ್ಲಿ ಅಂಗಳ ತುಂಬಿತು. ಬಂದವರೆಲ್ಲ ಮೊದಲು ಕೇಳಿದ್ದು ಒಂದೇ ಪ್ರಶ್ನೆ, ಒಳಗೆ ಹೇಗೆ ಹೋಯ್ತು ಎಂದು. ಪಾಣೆಮಂಗಳೂರಿನ ಗುಜರಿ ಅಂಗಡಿಯ ಇಬ್ರಾಹಿಂ ಖಲೀಲ್ ಮಾತ್ರ ಏನೂ ಕೇಳದೆ ಪಂಜರವನ್ನು ಬೆರಳಿನಿಂದ ತಟ್ಟಿ ನೋಡಿದ.

"ಲೋಕಣ್ಣ, ಇದನ್ನು ಕೊಯ್ದು ಬಿಡುವ. ಒಳ್ಳೆ ಕಬ್ಬಿಣ. ಕಿಲೋ ಲೆಕ್ಕದಲ್ಲಿ ನಾನೇ ತಗೊಳ್ತೇನೆ."

"ಪಂಜರ ಇಲ್ಲದಿದ್ರೆ ತಪಾಸಣೆಯಲ್ಲಿ ಒಳಗೇ ಬಿಡುದಿಲ್ಲ!"

"ಈಗ ಹೊರಗೇ ಬಿಡ್ತಾ ಇಲ್ವಲ್ಲ."

ಎದುರು ಮನೆಯ ಕಾವೇರಮ್ಮ ಕೊಡೆಯ ತುದಿಯಿಂದ ಬೀಮು ತೋರಿಸಿದರು. "ಇದನ್ನು ಒಡೆದ್ರೆ ಆಯ್ತಪ್ಪ. ಎಂತ ದೊಡ್ಡ ವಿಷಯ?"

ಅಡಿಗೆಮನೆಯ ಕಿಟಕಿಯಿಂದ ಲೋಕನಾಥನ ಹೆಂಡತಿ ಕಾಂತಿಯ ದನಿ ಬಂತು. "ಒಡೀರಿ, ಒಡೀರಿ. ಮೇಲೆ ನೀರಿನ ಟ್ಯಾಂಕ್ ಉಂಟು. ಜೀಪಿಗೂ ಸ್ನಾನ, ಇವರಿಗೂ ಸ್ನಾನ."

ಟಯರಿನ ಗಾಳಿ ಬಿಟ್ಟು ನೋಡಿಯಾಗಿತ್ತು. ಒಂದೇ ಬೆರಳು ಇಳಿದದ್ದು. ಲೋಕನಾಥ ಹಲ್ಲು ಕಚ್ಚಿಕೊಂಡು ಮತ್ತೆ ತುಂಬಿಸಿದ್ದ. ಗಂಟೆ ಒಂದೂವರೆ ಆಯಿತು. ಅಣ್ಣು ಗಲ್ಲ ಕೆರೆದುಕೊಂಡ.

"ಲೋಕಣ್ಣ, ಖಾಲಿ ಬಸ್ಸು ಎತ್ತರ, ರಶ್ ಆದ ಬಸ್ಸು ತಗ್ಗು. ಜನ ಹಾಕುವ."

ಅದು ನಿಜವಾಗಿತ್ತು. ಅದನ್ನು ಅಣ್ಣು ಹೇಳಿದ್ದೇ ಲೋಕನಾಥನಿಗೆ ತಡೆಯಲಾಗದ ಅವಮಾನ. ಆದರೂ ತಲೆಯಾಡಿಸಿದ.

ಅಣ್ಣುವಿನೊಳಗೆ ಮೂವತ್ತು ವರ್ಷದ ಗಂಟಲು ಎದ್ದು ಕೂತಿತು. "ಒಳಗೆ ಹೋಗಿ, ಒಳಗೆ! ಅಲ್ಲಿ ಜಾಗ ಉಂಟು, ನಂಗೆ ಕಾಣ್ತದೆ! ಅಕ್ಕ, ಸ್ವಲ್ಪ ಒತ್ತಿ ಕೂತ್ಕೊಳ್ಳಿ!" ಹತ್ತು ಜನ ಹತ್ತಿದರು. ಇಬ್ರಾಹಿಂ ಖಲೀಲ್ ಒಬ್ಬನೇ ಒಂದು ಬೆರಳಿನಷ್ಟು ಇಳಿಸಿದ. ಕಾಂತಿ ಗ್ಯಾಸ್ ಆರಿಸಿ ಬಂದು ಹತ್ತಿದಳು. ಪಟ್ಟಿಗಳು ಹೆರಿಗೆ ನೋವಿನವರಂತೆ ನರಳಿದವು. ಇನ್ನೂ ಒಂದು ಕೂದಲೆಳೆ ಬಾಕಿಯಿತ್ತು. ಕಾವೇರಮ್ಮನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದರು.

"ತಲೆ ಬಗ್ಗಿಸಿ!" ಎಂದು ಸ್ಟಿಯರಿಂಗ್ ಹಿಡಿದ ಲೋಕನಾಥ ಕೂಗಿದ.

ಹನ್ನೆರಡು ತಲೆಗಳು ಬಗ್ಗಿದವು. ಜೀಪು ಸಿಮೆಂಟು ಕೆರೆಯುತ್ತಾ ಅಂಗಳಕ್ಕೆ ಬಂತು. ಚಪ್ಪಾಳೆ ಬಿತ್ತು. ಹೊರಗೆ ನಿಂತು ನೋಡಲು ಯಾರೂ ಉಳಿದಿರಲಿಲ್ಲವಾದ್ದರಿಂದ ಒಳಗಿದ್ದವರೇ ತಟ್ಟಿಕೊಂಡರು.

"ಉಪಕಾರ ಆಯ್ತು. ಇನ್ನು ಇಳೀರಿ," ಎಂದ ಲೋಕನಾಥ.

ಯಾರೂ ಅಲುಗಾಡಲಿಲ್ಲ.

"ಇಳಿದ್ರೆ ಹೇಗೆ?" ಎಂದ ಅಣ್ಣು. "ವಾಪಾಸು ಬಂದು ಒಳಗೆ ಹಾಕ್ಲಿಕ್ಕೆ ನಾವು ಬೇಡ್ವಾ?"

"ನನ್ನ ಮಗಳನ್ನು ಉಜಿರೆಗೆ ಕೊಟ್ಟದ್ದಲ್ವಾ, ದಾರಿಯಲ್ಲಿ ಕೈ ಬೀಸ್ತೇನೆ," ಎಂದರು ಕಾವೇರಮ್ಮ.

ಗಂಟೆ ಎರಡು. ಒಬ್ಬೊಬ್ಬರನ್ನೇ ಬೈದು ಇಳಿಸುವಷ್ಟು ಸಮಯವಿರಲಿಲ್ಲ. ಲೋಕನಾಥ ಗೇರು ಹಾಕಿದ.

ಬೆಳ್ತಂಗಡಿ ದಾಟುವವರೆಗೂ ಅವನು ಗಡಿಯಾರ ನೋಡಿ ನೋಡಿ ಓಡಿಸಿದ. ಹಿಂದೆ ಕಡ್ಲೆ ಹಂಚಿದರು. ಯಾರೋ ಚಾ ಕುಡಿಯುವ ಎಂದರು. ರಸ್ತೆ ಬದಿಯಲ್ಲಿ ಒಬ್ಬ ಅಪರಿಚಿತ ಕೈ ಅಡ್ಡ ಹಿಡಿದ. ಅಣ್ಣು ಅಭ್ಯಾಸಬಲದಿಂದ ಶಿಳ್ಳೆ ಹೊಡೆದ. ಲೋಕನಾಥನ ಕಾಲು ಅವನನ್ನು ಕೇಳದೆಯೇ ಬ್ರೇಕು ಒತ್ತಿತು. ಹದಿಮೂರನೆಯವನು ಹತ್ತಿದ.

ಮೂರು ನಲವತ್ತಕ್ಕೆ ತೋಟದ ಗೇಟು. ಇಪ್ಪತ್ತು ನಿಮಿಷ ಕೈಯಲ್ಲಿತ್ತು. ಹಸಿರು ಟೀಶರ್ಟಿನ ಸ್ವಯಂಸೇವಕನೊಬ್ಬ ಪೀಪಿ ಊದುತ್ತಾ ಅಡ್ಡ ಬಂದ.

"ಬಾಡಿಗೆಗೆ ಜನ ತರುವ ಸರ್ವೀಸ್ ಜೀಪಾ? ಎಡಕ್ಕೆ, ಎಡಕ್ಕೆ! ಜನ ಮೇಲೆ ಗುಡ್ಡದಲ್ಲಿ ಇಳಿಸಿ!"

"ನಾನು ಸ್ಪರ್ಧೆಗೆ ಬಂದದ್ದು!"

ಹುಡುಗ ಬಗ್ಗಿ ಒಳಗೆ ನೋಡಿದ. ಕೊಡೆ, ಕಡ್ಲೆ ಪೊಟ್ಟಣ, ಹದಿಮೂರು ಮುಖ.

"ಎಲ್ರೂವಾ?"

ಹಿಂದೆ ನಾಲ್ಕು ಗಾಡಿಗಳು ಹಾರ್ನ್ ಒತ್ತಿದವು. ದೂಡಿದಂತೆ ಜೀಪು ಎಡಕ್ಕೆ ಹೊರಳಿತು. ಅದು ಒಂದೇ ಗಾಡಿ ಹಿಡಿಸುವ ಏರುದಾರಿ, ತಿರುಗಿಸಲು ಅಂಗೈಯಗಲ ಜಾಗವಿಲ್ಲ. ಜೀಪು ಹದಿಮೂರು ಜನರನ್ನು ಹೊತ್ತು ಮೊಣಕಾಲುದ್ದ ಕೆಸರಿನಲ್ಲಿ ಒಮ್ಮೆಯೂ ಜಾರದೆ ಗುಡ್ಡ ಹತ್ತಿತು. ಲೋಕನಾಥ ಆರು ವರ್ಷ ಕನಸು ಕಂಡದ್ದು ಇದೇ ಏರನ್ನು. ಈಗ ಅದನ್ನು ಹತ್ತುತ್ತಾ ಅವನು ಊರಿನವರ ಹೆಸರು ಹಿಡಿದು ಹಿಡಿದು ಶಾಪ ಹಾಕುತ್ತಿದ್ದ. ಮೇಲೆ ಕಾವೇರಮ್ಮನ ಚಪ್ಪಲಿ ಹುಡುಕಲು ಆರು ನಿಮಿಷ. ಆಚೆ ಬದಿಯ ಸುತ್ತುದಾರಿಯಲ್ಲಿ, ಅಣ್ಣು ಮಾತ್ರ ಅಂಟಿಕೊಂಡಿದ್ದ ಜೀಪು ಕೆಳಗಿಳಿದಾಗ ನಾಲ್ಕು ಗಂಟೆ ಏಳು ನಿಮಿಷ.

ತಪಾಸಣೆಯ ಮೇಜಿನ ಕಾಲು ಮಡಚುತ್ತಿದ್ದರು.

"ಕ್ಲೋಸ್ ಆಯ್ತು ಅಂಕಲ್," ಎಂದಳು ಕ್ಲಬ್ಬಿನ ಕಾರ್ಯದರ್ಶಿ ಜ್ಯೋತ್ಸ್ನಾ.

"ನಾನು ಮೂರು ನಲವತ್ತಕ್ಕೇ ಗೇಟಿನ ಒಳಗೆ ಇದ್ದೆ! ಬರ್ದಿರ್ತಾರೆ, ನೋಡಮ್ಮಾ!"

ಅವಳು ಗೇಟಿನ ಪಟ್ಟಿ ತಿರುವಿದಳು. "ಹೌದು, ಉಂಟು. ಮೂರು ನಲವತ್ತು. ಸರ್ವೀಸ್ ಜೀಪು, ಜನ ಹದಿಮೂರು."

ಲೋಕನಾಥ ಕೂಗಿದ. ಆರು ವರ್ಷದ ಲೆಕ್ಕ ಕೂಗಿದ, ವಯಸ್ಸು ಕೂಗಿದ, ಊರಿಗೆ ಊರನ್ನೇ ಕೂಗಿ ಬೈದ. ಜ್ಯೋತ್ಸ್ನಾ ಪೂರ್ತಿ ಕೇಳಿ ಮೆಲ್ಲಗೆ, "ಗಾಡಿ ಮಾತ್ರ ಭಾರೀ ಉಂಟು ಅಂಕಲ್, ಎಲ್ರೂ ಅದನ್ನೇ ಹೇಳ್ತಾ ಇದ್ದಾರೆ," ಎಂದು ಅವನ ಬೆನ್ನ ಹಿಂದೆ ಕೈ ತೋರಿಸಿದಳು.

ಅವನು ತಿರುಗಿದ. ಜೀಪು ಮತ್ತೆ ಭರ್ತಿಯಾಗಿತ್ತು. ಈ ಸಲ ಹತ್ತಿದವರು ಬಣ್ಣದ ಜಾಕೆಟಿನ ತರುಣರು. ಎಲ್ಲರ ಎದೆಯ ಮೇಲೂ ಸ್ಪರ್ಧೆಯ ನಂಬರು, ತೊಡೆಯ ಮೇಲೆ ಹೆಲ್ಮೆಟ್ಟು. ಹಿಂದೆ ನೇತಾಡುತ್ತಿದ್ದ ಅಣ್ಣು ಇನ್ನೂ ಇಬ್ಬರಿಗೆ ಜಾಗ ಮಾಡಿಸುತ್ತಿದ್ದ.

"ಅಣ್ಣಾ, ಬೇಗ ಬಿಡಿ," ಎಂದ ಮುಂದಿನ ಸೀಟಿನ ಹುಡುಗ, ಏಳನೇ ನಂಬರಿನವನು. "ಟ್ರ್ಯಾಕ್ ಒಂದು ಸುತ್ತು ನೋಡಿ ಬರುವ. ನಮ್ಮ ಗಾಡಿಗಳಿಗೆ ಇವತ್ತೇ ಕೆಸರು ಮಾಡುದು ಬೇಡ ಅಂತ."

ಲೋಕನಾಥ ಸ್ಟಿಯರಿಂಗಿನ ಹಿಂದೆ ಕೂತ. ಬಾಗಿಲನ್ನು ಇಡೀ ಮುಂಡಾಜೆಗೆ ಕೇಳುವಂತೆ ರಪ್ಪನೆ ಬಡಿಯಬೇಕೆಂದು ಕೈ ಚಾಚಿದ.

ಜೀಪಿಗೆ ಬಾಗಿಲಿರಲಿಲ್ಲ.