ಚಹಾದ ಹಾಸಿನಿಂದ ಮೇಲೇಳುವ ಅಧಿಕಾರ ಯಾರಿಗಿದೆ ಎಂಬ ಬಗ್ಗೆ

ಸಂಖ್ಯೆ: ಕುನೆ/ಕಣಿವೆ/ಚಹಾ/7 (ಮರು ತಿದ್ದುಪಡಿ)

ವಿಷಯ: ಮಗುವನ್ನು ಕರೆತರಲು ಹೋದ ಪ್ರಕರಣ ಸಹಾಯಕರು ಕೂತಲ್ಲೇ ಕೂತುಬಿಡುವುದನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ: 1. ಅಯ್ಪೆರಿ ಎಂಬ ಮಗು ಶನಿವಾರ, ಭಾನುವಾರ ತಾಯಿಯ ಬಳಿ ಇರತಕ್ಕದ್ದೆಂಬ ನ್ಯಾಯಾಲಯದ ಆದೇಶ.
2. ಸಾಲ್ಕಿನಾಯ್ ಅಜ್ಜಿಯವರ ದೂರು (ಮೌಖಿಕ, ಕಚೇರಿಯ ಅಂಗಳದಲ್ಲಿ ನಿಂತು, ಬೀದಿಗೆಲ್ಲ ಕೇಳುವಂತೆ).

ಮೊದಲ ಮೊಮ್ಮಗು ಅಜ್ಜಿಯ ಮಡಿಲಿಗೆ ಸೇರಿದ್ದೆಂಬುದೂ, ಅದು ಅಜ್ಜಿಯನ್ನೇ ಅಮ್ಮ ಎಂದು, ಹೆತ್ತವಳನ್ನು ಅಕ್ಕ ಎಂದು ಕರೆಯುವುದೂ ನಮ್ಮ ಕಿರ್ಗಿಜ್ ಕಣಿವೆಯ ವಾಡಿಕೆ. ಮಗ ಸೊಸೆ ಬೇರೆಯಾದ ಮೇಲೂ ಸಾಲ್ಕಿನಾಯ್ ಅಜ್ಜಿ ಈ ವಾಡಿಕೆಯನ್ನು ಬಿಟ್ಟಿರುವುದಿಲ್ಲ. ಪ್ರಕರಣ ಸಹಾಯಕಿ ಝಿಪಾರ್ ಪ್ರತಿ ಶನಿವಾರ ಹೋಗಿ ಮಗುವನ್ನು ತಾಯಿ ಬುರುಲ್‌ಗೆ ಒಪ್ಪಿಸತಕ್ಕದ್ದಾಗಿತ್ತು. ಮೊದಮೊದಲು ಒಂದು ಶನಿವಾರವೂ ಒಪ್ಪಿಸಿರುವುದಿಲ್ಲ. ಕಾರಣ: ಚಹಾ. ಆದ್ದರಿಂದ ಎಲ್ಲ ಸಿಬ್ಬಂದಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಬಟ್ಟಲಿಗೆ ಅರ್ಧ ಚಹಾ ಬಗ್ಗಿಸಿದರೆ ಕೂತಿರಿ ಎಂದೂ, ತುಂಬ ಬಗ್ಗಿಸಿದರೆ ಹೊರಡಿ ಎಂದೂ ಅರ್ಥವೆಂಬುದು ಸರ್ವವಿದಿತ. ಸದರಿ ಅಜ್ಜಿ ಬಟ್ಟಲನ್ನು ಎಂದೂ ತುಂಬಿಸಿರುವುದಿಲ್ಲ. ಅರ್ಧ ಬಟ್ಟಲನ್ನು ಅಲುಗಾಡಿಸಿ ತುಂಬಿದಂತೆ ತೋರಿಸುವುದನ್ನು ಇಂದಿನಿಂದ ನಿಷೇಧಿಸಲಾಗಿದೆ.

2. ಚಹಾ, ತಿಂಡಿ ಬಡಿಸಲು ನೆಲದ ಮೇಲೆ ಹರಡಿದ ಹಾಸಿನ ಸುತ್ತ ಕೂತವರಲ್ಲಿ ಎಲ್ಲರಿಗಿಂತ ಹಿರಿಯರು ಎರಡೂ ಕೈಯೆತ್ತಿ ಹರಸಿ, ಮುಖ ಸವರಿಕೊಂಡು ‘ಓಮೀನ್’ ಎನ್ನುವ ತನಕ ಯಾರೂ ಏಳತಕ್ಕದ್ದಲ್ಲ. ಹಿರಿಯರು ಸಾಲ್ಕಿನಾಯ್ ಅಜ್ಜಿಯೇ. ಅವರು ಓಮೀನ್ ಅನ್ನುವ ಹೊತ್ತಿಗೆ ತಾಯಿಯಿರುವ ಪೇಟೆಗೆ ಹೋಗುವ ಕೊನೆಯ ವ್ಯಾನು ಹೊರಟುಹೋಗಿರುತ್ತದೆ. ‘ಏನವಸರನೇ ನಿಂಗೆ? ಮದ್ವೆ ಆಗಿಲ್ಲ, ಮಕ್ಳಿಲ್ಲ. ತಗೋ, ಇನ್ನೊಂದು ಬೋರ್ಸೊಕ್ ತಿನ್ನು, ಗಾಳಿಗೆ ಹಾರೋಗ್ತೀಯ’ ಎಂದು ಅಜ್ಜಿ ಸರ್ಕಾರಿ ನೌಕರರನ್ನು ಉದ್ದೇಶಿಸಿ ನುಡಿದಿರುವುದು ಕಡತದಲ್ಲಿದೆ. ಮದುವೆಯ ಕುರಿತ ಪ್ರಶ್ನೆಗಳಿಗೆ ಉತ್ತರಿಸುವುದು ಪ್ರಕರಣ ಸಹಾಯಕರ ಕರ್ತವ್ಯದಲ್ಲಿ ಸೇರಿರುವುದಿಲ್ಲ.

3. ಕರಿದ ಬೋರ್ಸೊಕ್‌ಗೆ ಕೆನೆ ಹಚ್ಚಿಕೊಂಡು ತಿನ್ನುವುದನ್ನು ವಿಚಾರಣೆಯೆಂದು ವರದಿಯಲ್ಲಿ ಬರೆಯತಕ್ಕದ್ದಲ್ಲ.

4. ತಾಯಿ ಬುರುಲ್, ‘ಝಿಪಾರ್, ಹೋದ್ಸಲ ರಸ್ತೇಲಿ ಸಿಕ್ಕಾಗ ನನ್ ಮಗ್ಳು ನನ್ನ ಅಕ್ಕಾ ಅಂದ್ಲು ಕಣೇ. ಇನ್ನೆರಡು ವರ್ಷ ಹಿಂಗೇ ಹೋದ್ರೆ ನಾನು ಅಮ್ಮ ಅಂತ ಅವ್ಳಿಗೆ ಗೊತ್ತೇ ಇರಲ್ಲ’ ಎಂದು ಹೇಳಿಕೊಂಡಿರುತ್ತಾರೆ. ಇದನ್ನು ಕೇಳಿದ ಸಹಾಯಕಿಗೆ ರಾತ್ರಿಯಿಡೀ ನಿದ್ದೆ ಬಂದಿರುವುದಿಲ್ಲ. ನಿದ್ದೆಗೆಡುವುದಕ್ಕೆ ಇಲಾಖೆಯ ಪೂರ್ವಾನುಮತಿ ಅಗತ್ಯ. ಉಪನಿರ್ದೇಶಕರು ಇದುವರೆಗೆ ಯಾವ ಮನೆಯ ಹೊಸಿಲನ್ನೂ ತುಳಿದಿಲ್ಲವಾದ್ದರಿಂದ ಚೆನ್ನಾಗಿ ನಿದ್ದೆ ಮಾಡುತ್ತಿದ್ದು, ಸಿಬ್ಬಂದಿ ಅವರನ್ನು ಮಾದರಿಯಾಗಿ ಸ್ವೀಕರಿಸತಕ್ಕದ್ದು.

5. ತರುವಾಯ ಸಹಾಯಕಿಯು ಅಜ್ಜಿಗಿಂತ ವಯಸ್ಸಾದ ನೆರೆಮನೆಯ ಮುದುಕರೊಬ್ಬರನ್ನು ಕೈಹಿಡಿದು ಕರೆದೊಯ್ದಿರುತ್ತಾರೆ. ಮುದುಕರು ಎರಡು ಗುಟುಕು ಕುಡಿದು ಓಮೀನ್ ಎಂದಿದ್ದಾರೆ. ಎಲ್ಲರೂ ಎದ್ದಿದ್ದಾರೆ. ಮಗು ತಾಯಿಯನ್ನು ಸೇರಿದೆ. ನ್ಯಾಯಾಲಯದ ಆದೇಶವೊಂದು ಇಷ್ಟು ಸಲೀಸಾಗಿ ಜಾರಿಯಾದದ್ದು ಇಲಾಖೆಗೆ ತೀವ್ರ ಆತಂಕ ತಂದಿದೆ. ಮುಂದೆ ಮುದುಕರನ್ನು ಕಚೇರಿಯ ಸಾಮಗ್ರಿಯೆಂದು ಪರಿಗಣಿಸಿ, ಕೋರಿಕೆ ಪತ್ರದ ಮೂಲಕವೇ ಪಡೆಯುವುದು. ಬಳಸಿದ ನಂತರ ಒರೆಸಿ ವಾಪಸು ಇಡುವುದು.

6. ಇದರ ವಿರುದ್ಧ ಸಾಲ್ಕಿನಾಯ್ ಅಜ್ಜಿ ನೀಡಿದ ದೂರಿನ ಮೇರೆಗೆ, ಒಂದು ಪಕ್ಷದವರು ಮುದುಕರನ್ನು ತಂದಲ್ಲಿ ಎದುರು ಪಕ್ಷದವರಿಗೂ ತಮ್ಮ ಕಡೆಯ ಮುದುಕರನ್ನು ತರಲು ಅವಕಾಶವಿರುತ್ತದೆ. ಹಲ್ಲು ಎಣಿಸಿ ವಯಸ್ಸು ನಿರ್ಧರಿಸುವ ಪದ್ಧತಿ ಕುದುರೆಗಳಿಗೆ ಮಾತ್ರ ಅನ್ವಯಿಸುತ್ತದೆ.

7. ಕಲಂ 6ರ ಕರಡು ಕೈಗೆ ಸಿಕ್ಕಿದ ಕೂಡಲೇ ಸಾಲ್ಕಿನಾಯ್ ಅಜ್ಜಿ ಕಣಿವೆಯಾಚೆಯಿಂದ ತಮ್ಮ ಹಿರಿಯಕ್ಕ ಕಲಿಪಾ ಅವರನ್ನು ಕಂಬಳಿಯಲ್ಲಿ ಸುತ್ತಿ ಕರೆಸಿಕೊಂಡಿರುತ್ತಾರೆ. ಕಲಿಪಾ ಅವರಿಗಿಂತ ಹಿರಿಯರು ಈ ಸುತ್ತಮುತ್ತ ಬೆಟ್ಟ ಬಿಟ್ಟರೆ ಬೇರಿಲ್ಲ. ಸಹಾಯಕಿ ಝಿಪಾರ್ ಅವರ ಮುಖ ಬಾಡಿತೆಂದು ತಿಳಿದುಬಂದಿದೆ. ಆದರೆ ಸದರಿ ಕಲಿಪಾ, ಚಹಾ ಬಗ್ಗಿಸುವ ಮೊದಲೇ ಕೈಯೆರಡೂ ಎತ್ತಿ, ‘ಲೇ ಸಾಲ್ಕಿನಾಯ್, ನನ್ನೂ ಹಿಂಗೇ ಅಜ್ಜಿ ಇಟ್ಕೊಂಡಿದ್ಲು. ನಮ್ಮವ್ವ ಸಾಯೋವಾಗ ಪಕ್ಕದಲ್ಲಿ ಕೂತು ಅಕ್ಕಾ, ಅಕ್ಕಾ ಅಂತಲೇ ಅತ್ತೆ ಕಣೇ ನಾನು. ಬೇರೆ ಮಾತೇ ಬಾಯಿಗೆ ಬರ್ಲಿಲ್ಲ. ಓಮೀನ್. ಏಳ್ರೇ ಎಲ್ಲ, ಮಗೂಗೆ ಬೂಟು ಹಾಕ್ರಿ’ ಎಂದಿರುತ್ತಾರೆ.

8. ಬೂಟನ್ನು ಸಾಲ್ಕಿನಾಯ್ ಅಜ್ಜಿಯೇ ತೊಡಿಸಿರುತ್ತಾರೆ, ಎಡದ್ದನ್ನು ಬಲಗಾಲಿಗೆ. ತೊಡಿಸುವಾಗ ಅವರು ಅಳುತ್ತಿದ್ದುದರಿಂದ ಯಾರೂ ತಿದ್ದಲು ಹೋಗಿಲ್ಲ. ಇಲಾಖೆಯೂ ತಿದ್ದಲು ಹೋಗುವುದಿಲ್ಲ.

9. ಈ ಎಲ್ಲದರಲ್ಲಿ ಯಾವ ನಿಯಮದ ಉಲ್ಲಂಘನೆಯೂ ಕಂಡುಬಾರದ ಕಾರಣ, ಯಾರ ಮೇಲೆ ಕ್ರಮ ಜರುಗಿಸಬೇಕೆಂದು ತೋಚದೆ, ಸುತ್ತೋಲೆಯನ್ನು ಇಲ್ಲಿಗೇ ನಿಲ್ಲಿಸಲಾಗಿದೆ.

ಸಹಿ/-
(ಓದಲು ಬಾರದು)
ಉಪನಿರ್ದೇಶಕರು, ಮಕ್ಕಳು ಮತ್ತು ಚಹಾ ವಿಭಾಗ

ಪ್ರತಿಗಳು:
1. ಪ್ರಕರಣ ಸಹಾಯಕಿ ಝಿಪಾರ್ ಅವರಿಗೆ, ಎಚ್ಚರಿಕೆಗಾಗಿ. ಯಾವುದರ ಎಚ್ಚರಿಕೆ ಎಂಬುದನ್ನು ಪ್ರತ್ಯೇಕವಾಗಿ ತಿಳಿಸಲಾಗುವುದು.
2. ಸಾಲ್ಕಿನಾಯ್ ಅಜ್ಜಿಯವರಿಗೆ. ದೂರಿದ್ದಲ್ಲಿ ಅಂಗಳದ ಬದಲು ಒಳಗೆ ಬಂದು ಕೂಗಬಹುದು.
3. ನೆರೆಮನೆಯ ಮುದುಕರಿಗೆ, ದಾಸ್ತಾನು ಪುಸ್ತಕದ ಮೂಲಕ.
4. ಕಲಿಪಾ ಅವರಿಗೆ, ಕಿವಿಯ ಬಳಿ ಜೋರಾಗಿ ಓದಿ ಹೇಳತಕ್ಕದ್ದು. ಪಕ್ಕದ ಮೂರು ಹಳ್ಳಿಗಳಲ್ಲಿ ಇಂಥವೇ ಪ್ರಕರಣಗಳು ಬಾಕಿಯಿದ್ದು, ಬಿಡುವು ಮಾಡಿಕೊಂಡು ಬೇಗ ಬರಬೇಕೆಂದು ಇಲಾಖೆ ಕೈಮುಗಿದು ಕೋರುತ್ತದೆ. ವಾಹನ ಸೌಲಭ್ಯ ಇರುವುದಿಲ್ಲ.