ಸೊಸೆಯ ಡ್ರೋನಿಗೆ ನಾನು ಮಾಡಿದ ಪೂಜೆ

ಹೊಸ ಗಾಡಿಗೆ ಪೂಜೆ ಮಾಡುವ ವಿಷಯದಲ್ಲಿ ಕೆ.ಆರ್. ನಗರದ ಸುತ್ತಮುತ್ತ ನನ್ನನ್ನು ಮೀರಿಸುವವರಿಲ್ಲ. ಸೈಕಲ್ಲಿನಿಂದ ಹಿಡಿದು ಭತ್ತ ಕೊಯ್ಯುವ ಯಂತ್ರದವರೆಗೆ ಎಲ್ಲದರ ಹಣೆಗೂ ವಿಭೂತಿ ಹಚ್ಚಿದ್ದೇನೆ. ಒಂದೂ ಕೆಟ್ಟು ನಿಂತಿಲ್ಲ. ನಿಂತಿದ್ದರೂ ಪೂಜೆಯ ದೋಷದಿಂದಲ್ಲ!

ಹೀಗಿರುವಾಗ ನನ್ನ ಸೊಸೆ ಸವಿತಾ ತರಬೇತಿ ಮುಗಿಸಿ, ಗದ್ದೆಗೆ ಔಷಧಿ ಹೊಡೆಯುವ ಡ್ರೋನ್ ತಂದಳು. ನಾನು ನಿವೃತ್ತ ಪೋಸ್ಟ್ ಮಾಸ್ಟರ್. ಪರಊರಿಗೆ ಒಂದು ಟ್ರಂಕ್ ಕಾಲ್ ಸಿಗಲೆಂದು ಬೆಳಗಿನಿಂದ ಸಂಜೆಯವರೆಗೆ ಕಾದು ಕೂತ ಜನರನ್ನು ಕಂಡವನು. ಮನೆಗೊಂದು ಫೋನು ಬೇಕೆಂದು ಅರ್ಜಿ ಹಾಕಿ, ಅದು ಬರುವಷ್ಟರಲ್ಲಿ ಎರಡು ಬಡ್ತಿ ಪಡೆದವನು. ಆಮೇಲೆ ದೇಶ ಬಾಗಿಲು ತೆರೆಯಿತು, ಹೊರಗಿನ ಯಂತ್ರಗಳು ಒಳಗೆ ಬಂದವು. ಈಗ ನೋಡಿದರೆ ಯಂತ್ರ ನಮ್ಮ ದೇಶದ್ದೇ, ಹಾರಿಸುವವಳು ನಮ್ಮ ಮನೆಯವಳೇ! ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿಯೊಂದು ರಾಜೀನಾಮೆ ಕೊಟ್ಟಿತು.

ಮೊದಲ ಕೆಲಸ ನಾಲೆ ಪಕ್ಕದ ಸಿದ್ದೇಗೌಡರ ಗದ್ದೆ. ಅರ್ಧ ಊರು ಬದುವಿನ ಮೇಲಿತ್ತು. ಇಲ್ಲಿ ಗೆದ್ದರೆ ನಾಲೆಯುದ್ದಕ್ಕೂ ಸವಿತಳಿಗೆ ಕೆಲಸ. ಸೋತರೆ ಯಂತ್ರ ಕೊಟ್ಟಿಗೆಗೆ.

“ಗಾಳಿ ಏಳೋದ್ರೊಳ್ಗೆ ಮುಗ್ಸವ್ವ. ಇಲ್ದಿದ್ರೆ ಆಳ್ ಕರ್ಸ್ಕತೀನಿ, ಬೇಜಾರ್ ಮಾಡ್ಕಬ್ಯಾಡ” ಎಂದರು ಗೌಡರು.

ಸವಿತಾ ನೀರು ತರಲು ನಾಲೆಗೆ ಇಳಿದಳು. ನಾನು ಕರ್ತವ್ಯಕ್ಕೆ ಇಳಿದೆ. ಚಕ್ರವೇ ಇಲ್ಲದ ವಾಹನಕ್ಕೆ ನಿಂಬೆಹಣ್ಣು ಎಲ್ಲಿಡುವುದು? ಕಾಲುಗಳ ಕೆಳಗಿಟ್ಟೆ. ನೆತ್ತಿಗೆ ಚೆಂಡುಹೂವಿನ ಹಾರ ಹಾಕಿದೆ. ಮುಂಭಾಗದಲ್ಲಿ ನುಣ್ಣನೆಯ ಕಪ್ಪು ಗಾಜೊಂದು ಹಣೆಯಂತೆ ಹೊಳೆಯುತ್ತಿತ್ತು. ವಿಭೂತಿ ಮೂರು ಪಟ್ಟೆ, ನಡುವೆ ಕುಂಕುಮ. ಸಾಕ್ಷಾತ್ ಶಿವ!

ಹಿಂದಿನಿಂದ ಬಂದ ಸವಿತಾ, “ಮಾವ, ಹಾರ ಸುತ್ಕೊಂಡ್ರೆ ರೆಕ್ಕೆ ಮುರ್ದೋಯ್ತದೆ” ಎಂದು ಹಾರ, ನಿಂಬೆಹಣ್ಣು ತೆಗೆದು, ದೂರ ಹೋಗಿ ರಿಮೋಟ್ ಒತ್ತಿದಳು.

ಡ್ರೋನ್ ಕದಲಲಿಲ್ಲ.

“ಮುಂದೆ ಏನೋ ಅಡ್ಡ ಐತೆ ಅಂತದೆ” ಎಂದಳು ರಿಮೋಟಿನ ಪರದೆ ನೋಡಿ. ಮುಂದೆ ಹಸಿರು ಭತ್ತ ಬಿಟ್ಟರೆ ಏನೂ ಇಲ್ಲ.

ಹಾರ ತೆಗೆದದ್ದೇ ತಪ್ಪು ಎಂದು ನನ್ನ ಅನುಭವ ನುಡಿಯಿತು. ಅವಳು ತರಬೇತಿ ಕೊಟ್ಟವರಿಗೆ ಫೋನ್ ಮಾಡುತ್ತಿರುವಾಗ ಕುಂಕುಮ ಇನ್ನಷ್ಟು ದಪ್ಪಗೆ ಮೆತ್ತಿದೆ. ಆಗಲೂ ಏಳಲಿಲ್ಲ. ದೃಷ್ಟಿಯೇ ಇರಬೇಕೆಂದು ತೆಂಗಿನಕಾಯಿ ಈಡುಗಾಯಿ ಹೊಡೆದೆ. ಒಂದು ಚೂರು ಸಿದ್ದೇಗೌಡರ ಮೊಣಕಾಲಿಗೆ ಬಡಿಯಿತು.

“ಯೋ ಪೋಸ್ಟ್ ಮಾಸ್ಟ್ರೇ! ಔಷ್ದಿ ಗದ್ದೆಗೋ ನನ್ ಕಾಲ್ಗೋ?”

ಬದುವಿನ ಮೇಲೆ ನಗು. ತೆಂಗಿನ ಗರಿಗಳು ಆಗಲೇ ಅಲ್ಲಾಡತೊಡಗಿದ್ದವು. ಸವಿತಳ ಮುಖ ಬಾಡಿತು. ನನಗೆ ತಡೆಯಲಾಗಲಿಲ್ಲ. ಕೊನೆಯ ಅಸ್ತ್ರ ತೆಗೆದೆ: ಕರ್ಪೂರ!

“ಮಾವಾ! ಬ್ಯಾಟ್ರಿ ಪಕ್ಕ ಬೆಂಕಿನಾ!” ಓಡಿ ಬಂದ ಸವಿತಾ ಕರ್ಪೂರ ಕಿತ್ತುಕೊಂಡು, ಮೊದಲ ಬಾರಿಗೆ ಡ್ರೋನಿನ ಮುಖ ನೋಡಿದಳು. ನೋಡುತ್ತಲೇ ನಿಂತಳು.

“ಇದ್ಯಾರ್ ಬಳ್ದಿದ್ದು?”

“ಇನ್ಯಾರು?” ಎಂದಳು ನನ್ನ ಹೆಂಡತಿ ಜಯಮ್ಮ. “ಇಂಥಾ ಕೆಲ್ಸಕ್ಕೆ ಈ ಊರ್ಗೆಲ್ಲ ಒಬ್ರೇ ಇರೋದು!”

“ಅದು ಹಣೆ ಅಲ್ಲ ಮಾವ,” ಸವಿತಾ ಮೆಲ್ಲಗೆ ಹೇಳಿದಳು, “ಕಣ್ಣು.”

ಬೆಳಗಿನಿಂದ ನಾನು ಅದರ ಕಣ್ಣಿಗೇ ಕುಂಕುಮ ಎರಚಿದ್ದೆ!

ಅವಳು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಡ್ರೋನ್ ಗುಂಯ್ ಎಂದು ಎದ್ದಿತು. ಪೈರಿನ ಮೇಲೆ ಮಂಜಿನಂತೆ ಔಷಧಿ ಚೆಲ್ಲುತ್ತ, ಗೆರೆ ಎಳೆದ ಹಾಗೆ ಹೋಗಿ ಬಂತು. ಗಾಳಿ ಜೋರಾಗುವಷ್ಟರಲ್ಲಿ ಗದ್ದೆ ಮುಗಿದಿತ್ತು. ಸಿದ್ದೇಗೌಡರು ಮೊಣಕಾಲು ನೀವಿಕೊಳ್ಳುವುದನ್ನೇ ಮರೆತಿದ್ದರು. “ನಾಳೀಕ್ ನಮ್ಮದ್ಕೆ ಬಾ ಕಣವ್ವ!” ಎಂದು ನಾಲ್ಕು ಕಡೆಯಿಂದ ಕೂಗು. “ನಮ್ ಸೊಸೆ ಕಣ್ರೀ, ನಮ್ ಸೊಸೆ!” ಎಂದು ನಾನು ಊರಿಗೆಲ್ಲ ಸಾರಿದೆ. ಅವಳ ಮದುವೆಯಲ್ಲಿ ಉಂಡವರೇ ಎಲ್ಲರೂ.

ಡ್ರೋನ್ ಏರಿಸುವ ಮುಂಚೆ ನೋಡಬೇಕಾದ ಅಪಾಯಗಳ ಅಚ್ಚಾದ ಪಟ್ಟಿಯೊಂದು ಸವಿತಳ ಬಳಿ ಇದೆ. ಮೊನ್ನೆ ಕದ್ದು ಓದಿದೆ. ಕರೆಂಟ್ ತಂತಿ. ಮರದ ಕೊಂಬೆ. ಜೋರು ಗಾಳಿ. ಅದರ ಕೆಳಗೆ, ಅವಳದೇ ದುಂಡು ಅಕ್ಷರದಲ್ಲಿ ಇನ್ನೊಂದು:

ಮಾವ.